ಗೋಡೆ ಪಕ್ಕದ ಕುರ್ಚಿ

ರೀ,

ಬೆಳಗಿನ ರೈಲಿಗೆ ವಿಜಯವಾಡಕ್ಕೆ ಹೊರಟೆ. ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ನು ನಾಳೆ. ಸಾರು ಬಿಸಿ ಮಾಡಿಕೊಳ್ಳಿ. ಬಿ.ಪಿ. ಮಾತ್ರೆ ಸಕ್ಕರೆ ಡಬ್ಬಿಯ ಪಕ್ಕದಲ್ಲಿದೆ, ಮರೆಯಬೇಡಿ.

"ಐವತ್ತೆರಡು ವಯಸ್ಸಿಗೆ ಯಾರಿಗೆ ತೋರ್ಸೋಕೆ ಈ ಅಂದ?" ಅಂದಿರಿ. ಅಂದಕ್ಕಲ್ಲ. ಪೆಂಡುರ್ತಿ ಊರಿನ ಮದುವೆಯಲ್ಲಿ ನೀವೆಲ್ಲ ಪಂಕ್ತಿಯಲ್ಲಿ ನೆಲಕ್ಕೆ ಕೂತಿರಿ. ಈ ದಪ್ಪ ಮೈಗೆ ಕೂತರೆ ಏಳಲಾರಳೆಂದು ನನಗೊಬ್ಬಳಿಗೆ ಗೋಡೆ ಪಕ್ಕ ಕಬ್ಬಿಣದ ಕುರ್ಚಿ ಹಾಕಿಸಿದಿರಿ. ಇನ್ನು ಎರಡೇ ತುತ್ತಾದರೂ ಸರಿ, ಎಲ್ಲರ ಸಾಲಿನಲ್ಲೇ ಕೂತು ತಿನ್ನುತ್ತೇನೆ.

ಬ್ಯಾಂಕಿನಲ್ಲಿ ದಿನಕ್ಕೆ ನೂರು ಕಾಗದಕ್ಕೆ ಓದದೆ ಸಹಿ ಹಾಕುತ್ತೀರಿ. ಆಸ್ಪತ್ರೆಯ ಫಾರಂ ಮಾತ್ರ ಹನ್ನೊಂದು ದಿನ ನಿಮ್ಮ ಮೇಜಿನ ಮೇಲೇ ಬಿದ್ದಿತ್ತು. 'ಗಂಡನ ಸಹಿ' ಎಂದಿದ್ದ ಕಡೆ ಗೀಟು ಎಳೆದು ನಾನೇ ರುಜು ಮಾಡಿದ್ದೇನೆ.

ತಡೆಯೋಕೆ ಬರಬೇಡಿ. ನೋಡೋಕೆ ಬರುವುದಾದರೆ ವಿಜಯವಾಡದ ಬೆಂಜ್ ಸರ್ಕಲ್ಲಿನಲ್ಲಿ ಬಸ್ಸಿಳಿಯಿರಿ, ಆಸ್ಪತ್ರೆ ಅಲ್ಲೇ. ಹಾಸಿಗೆ ಪಕ್ಕ ಕುರ್ಚಿ ಇರುತ್ತದೆ. ಈ ಸಲ ನೀವು ಕೂತುಕೊಳ್ಳಿ.

ವಾರಿಜಾ