ಹನ್ನೊಂದನೆಯ ಪುಟದ ನಿಯಮ

ಮೊಕ್ಪೊ
11 ಅಕ್ಟೋಬರ್ 2018, ಗುರುವಾರ

ಪ್ರೀತಿಯ ದಾನ್‌ಬಿ,

ಹೇಗಿದ್ದೀಯ? ಬೆಂಕಿಪೊಟ್ಟಣದಂಥ ಆ ಬಾಡಿಗೆ ಕೋಣೆಯಲ್ಲಿ ಚಳಿ ಶುರುವಾಯಿತೇ? ಸಂದರ್ಶನ ಮುಗಿಯುವವರೆಗೆ ಫೋನ್ ಮುಟ್ಟುವುದಿಲ್ಲವೆಂದು ಶಪಥ ಮಾಡಿದ್ದೀಯಲ್ಲ, ಅದಕ್ಕೇ ಈ ಕಾಗದವನ್ನು ಕಿಮ್ಚಿ ಡಬ್ಬಿಯ ಮೇಲಿಟ್ಟು ಕಳಿಸುತ್ತಿದ್ದೇನೆ. ಸಾಸಿವೆ ಸೊಪ್ಪಿನದು, ಈ ಸಲ ಖಾರ ಸ್ವಲ್ಪ ಮುಂದಾಗಿದೆ. ಸಣ್ಣ ಒಣಮೀನನ್ನು ಎಳ್ಳು ಹಾಕಿ ಹುರಿದಿದ್ದೇನೆ. ಪಕ್ಕದ ಕೋಣೆಯವರಿಗೂ ಕೊಡು, ವಾಸನೆಗೆ ಬೈಯುವುದು ತಪ್ಪುತ್ತದೆ.

ಉತ್ತರ ತಡವಾಯಿತು, ಕ್ಷಮಿಸು. ನಿನ್ನ ಸ್ವಪರಿಚಯ ಪತ್ರ ಬಂದು ಹತ್ತು ದಿನವಾಯಿತು. ಜೊತೆಗೊಂದು ಚೀಟಿ: “ಅಮ್ಮಾ, ದಂತವೈದ್ಯ ಕಾಲೇಜಿನ ಅರ್ಜಿ ಜೊತೆ ಇದನ್ನೇ ಹಾಕಿದೀನಿ, ಓದು. ಪ್ಯೋ ಡಾಕ್ಟರ ಹತ್ರ ಶಿಫಾರಸು ಪತ್ರ ಇಸ್ಕೊಂಡು ನೀನೇ ಕಾಲೇಜಿಗೆ ರಿಜಿಸ್ಟರ್ ಪೋಸ್ಟ್ ಮಾಡ್ಬಿಡು.” ಹಲ್ಲಿನ ಲ್ಯಾಬಿನಲ್ಲಿ ಕೆಲಸ ಹೆಚ್ಚಿತ್ತು ಎಂದು ಬರೆಯಬಹುದು. ನಿಜಕ್ಕೂ ಒಂದೇ ವಾರದಲ್ಲಿ ನಲವತ್ತು ಕೃತಕ ಹಲ್ಲು ಮಾಡಿದೆ. ಆದರೆ ತಡವಾದದ್ದು ಅದಕ್ಕಲ್ಲ. ನನಗೆ ಹೊಟ್ಟೆಕಿಚ್ಚು ಬಂದಿತ್ತು.

ಮೂರು ಪುಟಗಳಲ್ಲಿ ಪ್ಯೋ ಡಾಕ್ಟರು ಒಂಬತ್ತು ಸಲ ಬರುತ್ತಾರೆ. ಎಣಿಸಿದ್ದೇನೆ. ಕ್ಲಿನಿಕ್ಕಿನಲ್ಲಿ ಅವರ ಕೈ ನೋಡಿ ಕಲಿತೆಯಂತೆ, ಅವರ ತಾಳ್ಮೆ ನಿನ್ನನ್ನು ಬದಲಿಸಿತಂತೆ. ಮಾರುಕಟ್ಟೆಯ ಒಣಮೀನಿನ ಅಜ್ಜಿ ಹೊಸ ಹಲ್ಲಿನ ಕಟ್ಟು ಹಾಕಿಕೊಂಡು, ಕನ್ನಡಿ ನೋಡಿ ಅತ್ತಳಲ್ಲ, ಅಂದೇ ನೀನು ದಂತವೈದ್ಯೆಯಾಗಲು ನಿರ್ಧರಿಸಿದೆಯಂತೆ. ಚೆನ್ನಾಗಿ ಬರೆದಿದ್ದೀಯ. ಆ ಕಟ್ಟನ್ನು ಅಜ್ಜಿಯ ಬಾಯಿಗೆ ಕೂರಿಸಿದ್ದು ಪ್ಯೋ ಡಾಕ್ಟರು, ಒಪ್ಪುತ್ತೇನೆ. ಮಾಡಿದ್ದು ಯಾರು? ಅಜ್ಜಿಯ ಹರೆಯದ ಫೋಟೋದಲ್ಲಿ ಮುಂದಿನ ಒಂದು ಹಲ್ಲು ಪಕ್ಕದ್ದರ ಮೇಲೆ ತುಸು ಏರಿತ್ತು. ಅದನ್ನು ಹಾಗೆಯೇ ಏರಿಸಿ ಕೂರಿಸಲು ನಾನು ಮೂರು ಸಲ ಮೇಣ ಕರಗಿಸಿದೆ. ಅಜ್ಜಿ ಅತ್ತದ್ದು ಆ ಒಂದು ಹಲ್ಲಿಗೆ.

ಇಪ್ಪತ್ತಾರು ವರ್ಷದಿಂದ ಈ ಊರಿನ ಅರ್ಧ ಜನ ನಾನು ಮಾಡಿದ ಹಲ್ಲಿನಲ್ಲಿ ಅಗಿಯುತ್ತಿದ್ದಾರೆ, ಎಲ್ಲರೂ ಅವನ್ನು ಪ್ಯೋ ಡಾಕ್ಟರ ಹಲ್ಲು ಎನ್ನುತ್ತಾರೆ. ಅದು ರೂಢಿಯಾಗಿಬಿಟ್ಟಿದೆ. ನೀನೂ ಹಾಗೇ ಬರೆದದ್ದನ್ನು ತಡೆದುಕೊಳ್ಳಲಾಗಲಿಲ್ಲ. ನೀನು ಒಂಬತ್ತು ವರ್ಷದವಳಿದ್ದಾಗ ನನ್ನ ಮೇಜಿನ ಮೇಲೆ ಕೂತು ಮೇಣದಲ್ಲಿ ದವಡೆಹಲ್ಲು ಕೆತ್ತಿದ್ದೆ, ಕುಂಬಳಕಾಯಿಯ ಹಾಗಿತ್ತು. ಕಿಟಕಿಯಲ್ಲಿ ಇನ್ನೂ ಇದೆ. ಪ್ಯೋ ಡಾಕ್ಟರೆಂಬ ಆ ಹೆಂಗಸಿನ ಬಿಳಿ ಕೋಟಿನ ಮೇಲೆ, ಮೆತ್ತಗಿನ ಕೈಗಳ ಮೇಲೆ ನನಗೆ ಉರಿ ಹತ್ತಿತು. ನನ್ನ ಬೆರಳ ತುದಿಗಳು ಹಲ್ಲಿನ ಅಚ್ಚಿನ ಪ್ಲಾಸ್ಟರಿಗೆ ಒಡೆದುಹೋಗಿವೆ.

ನಿನ್ನಪ್ಪನ ಮುಂದೆ ಹೇಳಿಕೊಂಡೆ. ಬಸ್ಸಿನ ಪಾಳಿ ಮುಗಿಸಿ ಬಂದು ಕಾಲು ಚಾಚಿ ಹಣ್ಣು ತಿನ್ನುತ್ತಿದ್ದರು. “ನಾನೂ ಇಲ್ವಲ್ಲೇ ಅದ್ರಲ್ಲಿ. ನಾನೇನು ಮುಖ ಊದಿಸ್ಕೊಂಡಿದೀನಾ?” ಎಂದರು.

“ನೀವೇನು ಬಸ್ಸಲ್ಲಿ ಹಲ್ಲು ಮಾಡ್ತೀರಾ?” ಎಂದೆ.

ಇನ್ನು ತಪ್ಪೊಪ್ಪಿಗೆ. ಪ್ಯೋ ಡಾಕ್ಟರು ಶಿಫಾರಸು ಪತ್ರದ ಲಕೋಟೆ ಅಂಟಿಸಿ, ಅಂಟಿನ ಮೇಲೆ ಮುದ್ರೆ ಒತ್ತಿ ಸೋಮವಾರವೇ ಕೊಟ್ಟಿದ್ದರು. ಶುಕ್ರವಾರ ಸಂಜೆಯೊಳಗೆ ತಲುಪದಿದ್ದರೆ ಅರ್ಜಿಯೇ ತಿರಸ್ಕಾರ ಎಂದು ನೀನು ಅಡಿಗೆರೆ ಎಳೆದು ಬರೆದಿದ್ದೆ. ನಾನದನ್ನು ಪ್ಲಾಸ್ಟರ್ ಅಚ್ಚುಗಳ ಡ್ರಾಯರಿನಲ್ಲಿಟ್ಟೆ. ಮಂಗಳವಾರ ಅಂಚೆಗೆ ರಜೆ ಎಂದು ಸಮಾಧಾನ ಹೇಳಿಕೊಂಡೆ. ಬುಧವಾರ ರಜೆ ಇರಲಿಲ್ಲ. ಪ್ರವೇಶ ಪರೀಕ್ಷೆಯ ಅಂಕ, ಇಂಗ್ಲಿಷಿನ ಅಂಕ, ಸೇವೆ ಮಾಡಿದ ಗಂಟೆಗಳು, ನಿನ್ನ ಎರಡು ವರ್ಷದ ದುಡಿತವೆಲ್ಲ ಆ ಡ್ರಾಯರಿನಲ್ಲಿತ್ತು. ನನಗೆ ಗೊತ್ತಿತ್ತು. ಆದರೂ ತೆಗೆಯಲಿಲ್ಲ.

ಇಂದು ಬೆಳಿಗ್ಗೆ, ಮಾಡಿದ ಹಲ್ಲು ಕೊಡಲು ಕ್ಲಿನಿಕ್ಕಿಗೆ ಹೋಗಿದ್ದೆ. “ದಾನ್‌ಬಿ ಅಮ್ಮ, ಲಕೋಟೆ ಹಾಕಿದ್ರಾ?” ಎಂದರು ಪ್ಯೋ ಡಾಕ್ಟರು.

“ಹಾಕ್ದೆ” ಎಂದೆ, ಮುಖ ನೋಡದೆ.

ಅವರು ಬಾರ್ಲಿ ಚಹಾ ಬಗ್ಗಿಸುತ್ತ, “ಅವಳು ಬರೆದದ್ದು ಓದಿ ಬೇಜಾರಾಯ್ತೇನೋ ನಿಮ್ಗೆ” ಎಂದರು.

“ನಂಗ್ಯಾಕೆ ಬೇಜಾರು? ನಾನು ಅದ್ರಲ್ಲಿ ಇದ್ರೆ ತಾನೆ.”

ಅವರು ನಗಲಿಲ್ಲ. ಪ್ರವೇಶ ನಿಯಮಗಳ ಪುಸ್ತಕ ತೆಗೆದು ಹನ್ನೊಂದನೆಯ ಪುಟ ನನ್ನ ಮುಂದಿಟ್ಟರು. “ಓದಿ. ಅಪ್ಪ ಅಮ್ಮನ ಉದ್ಯೋಗದ ಬಗ್ಗೆ ಒಂದೇ ಒಂದು ಸಾಲು ಬಂದ್ರೂ ಆ ಪತ್ರಕ್ಕೆ ಸೊನ್ನೆ. ನಮ್ಮಪ್ಪ ದೊಡ್ಡ ಡಾಕ್ಟ್ರು ಅಂತ ಬರ್ದು ಒಳಗೆ ನುಸುಳೋರು ಇರ್ತಾರಲ್ಲ, ಅದಕ್ಕೆ. ಹಲ್ಲು ಮಾಡೋರ ಮಕ್ಕಳಿಗೂ ಅದೇ ಕಾನೂನು.”

ಎರಡು ಸಲ ಓದಿದೆ. ಹತ್ತು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದ ಹಾಗಾಯಿತು. ನೀನು ನನ್ನನ್ನು ಮರೆತಿರಲಿಲ್ಲ, ಮರೆತ ಹಾಗೆ ಬರೆಯಬೇಕಾಗಿತ್ತು, ಅಷ್ಟೇ. ಲ್ಯಾಬಿಗೆ ಓಡಿ ಲಕೋಟೆ ತೆಗೆದುಕೊಂಡು ಅಂಚೆ ಕಚೇರಿಗೆ ಹೋದೆ. ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ನಾಲ್ಕು ಸಲ ಕೇಳಿದ್ದಕ್ಕೆ ಕೌಂಟರಿನ ಹುಡುಗಿ, “ನಾಳೆ ಮಧ್ಯಾಹ್ನದೊಳಗೆ ಸೇರುತ್ತೆ ಆಂಟಿ, ಬೇಕಾದ್ರೆ ನೀವೂ ಲಕೋಟೆ ಜೊತೆ ಹೋಗಿ” ಎಂದಳು. ರಸೀದಿ ಇದರೊಳಗಿದೆ.

ಸಂದರ್ಶನದಲ್ಲೂ ಬಾಯಿತಪ್ಪಿ ನಮ್ಮ ಕೆಲಸದ ಮಾತೆತ್ತಬೇಡ. ಉಗುರು ಕತ್ತರಿಸಿಕೊಂಡು ಹೋಗು, ಅವರು ಕೈ ನೋಡುತ್ತಾರೆ. ಪ್ಯೋ ಡಾಕ್ಟರ ಬಗ್ಗೆ ಕೇಳಿದರೆ ಒಳ್ಳೆಯದನ್ನೇ ಹೇಳು. ಅವರು ಕೆಟ್ಟವರಲ್ಲ, ಚಹಾ ಮಾತ್ರ ಬರೀ ನೀರು. ನಿನ್ನ ಕೈ ನಡುಗದಿರಲಿ, ಹಸಿದುಕೊಂಡು ಮಲಗುವ ದಿನ ನಿನಗೆ ಬರದಿರಲಿ.

ನಿನ್ನ
ಅಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಬಾರದೆಂದುಕೊಂಡಿದ್ದೆ. ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಪುಸ್ತಕದ ಜೊತೆಗೆ ಪ್ಯೋ ಡಾಕ್ಟರು, ನೀನು ತಿದ್ದಲು ಕೊಟ್ಟಿದ್ದ ಮೊದಲ ಕರಡನ್ನೂ ತೋರಿಸಿದರು, ನನಗೆ ಇನ್ನಷ್ಟು ಸಮಾಧಾನವಾಗಲಿ ಎಂದು. ಆ ನಿಯಮ ಗೊತ್ತಿಲ್ಲದೆ ನೀನು ಬರೆದದ್ದು. “ನಗರ ಬಸ್ಸಿನ ಚಾಲಕರಾದ ನನ್ನ ತಂದೆಯಿಂದ ಸಮಯಪಾಲನೆ ಕಲಿತೆ” ಎಂದು ಶುರುವಾಗುವ ಮೂರು ಸಾಲಿನ ಮೇಲೆ ಕೆಂಪು ಗೆರೆ ಇತ್ತು. “ನೋಡಿದ್ರಾ, ಇದನ್ನೆಲ್ಲ ನಾನೇ ಹೊಡೆದುಹಾಕಿದ್ದು” ಎಂದರು. ನಾನು ಹಾಳೆ ತಿರುಗಿಸಿ ತಿರುಗಿಸಿ ನೋಡಿದೆ. ಬೇರೆಲ್ಲೂ ಕೆಂಪು ಗೆರೆ ಇರಲಿಲ್ಲ. ಅಂಚೆ ಕಚೇರಿಗೆ ಹೋದದ್ದು ಅದನ್ನು ನೋಡಿದ ಮೇಲೆ. ನಿನ್ನಪ್ಪನಿಗೆ ಹೇಳಿಲ್ಲ, ಹಿಗ್ಗಿಬಿಡುತ್ತಾರೆ. ಹೊಡೆದುಹಾಕುವುದಕ್ಕಾದರೂ ನನ್ನದೊಂದು ಸಾಲು ಇರಬೇಕಿತ್ತು, ಮಗಳೇ.