ಕಿಟಕಿ ಇಟ್ಟ ಒರೆ

ಮಟಕಿ, ತಾ. ಆಳಂದ
೧೪-೧೧-೧೯೮೭, ಶನಿವಾರ

ಶಿವಕಾಂತಾಳ ಅಪ್ಪನವರಿಗೆ ಗಂಗಾಬಾಯಿಯ ಶರಣು.

ನಿಮ್ಮ ಮೊಣಕಾಲು ಹೇಗಿದೆ? ಅಫಜಲಪುರದಿಂದ ತರಿಸಿಕೊಟ್ಟ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಯಡ್ರಾಮಿಯ ದನದ ದವಾಖಾನೆಯಲ್ಲಿ ಯಾವುದೋ ಎತ್ತಿಗೆ ಹಚ್ಚಿ ಮುಗಿಸಿದಿರೋ? ನಿಮ್ಮನ್ನು ನಂಬುವ ಹಾಗಿಲ್ಲ. ಕಂಪೌಂಡರ್ ಆದ ಮೇಲೆ ನಿಮಗೆ ಎತ್ತಿನ ಕಾಲು ಕಂಡಷ್ಟು ಸ್ವಂತ ಕಾಲು ಕಾಣುವುದಿಲ್ಲ. ಇಲ್ಲಿ ಶಿವಕಾಂತಾ ಆರಾಮ ಇದ್ದಾಳೆ. ಇನ್ನು ಎಂಟು ಹತ್ತು ದಿನ ಎಂದು ಸೂಲಗಿತ್ತಿ ಹೇಳಿದ್ದಾಳೆ. ದೊಡ್ಡ ಮೊಮ್ಮಗಳು ಈಗ ಮನೆ ತುಂಬ ಓಡಾಡುತ್ತಾಳೆ, ನಾನು ಹಿತ್ತಲಿಗೆ ಹೋದರೂ ಸೆರಗು ಬಿಡುವುದಿಲ್ಲ.

ಇನ್ನು ಸುದ್ದಿ. ನಿಮ್ಮ ಅಳಿಯ ಶಿವರಾಯ ಬಂದು ಮೂರು ದಿನ ಇದ್ದು ಹೋದ. ಯಾರೂ ಕರೆದಿರಲಿಲ್ಲ. ಹೆರಿಗೆಗೆ ಮೊದಲೇ ಗಂಡ ಬಂದು ಅತ್ತೆಮನೆಯಲ್ಲಿ ಠಿಕಾಣಿ ಹೂಡುವುದನ್ನು ನಮ್ಮ ಕಡೆ ಯಾರಾದರೂ ಕಂಡಿದ್ದಾರೆಯೇ? ಜೇವರ್ಗಿಯಲ್ಲಿ ಸುಟ್ಟ ಪಂಪಿನ ಮೋಟಾರಿಗೆ ತಂತಿ ಸುತ್ತುವುದು ಬಿಟ್ಟು, ಕೈಚೀಲದಲ್ಲಿ ಮೊಳದುದ್ದ ಪ್ಲಾಸ್ಟಿಕ್ ಪೈಪು ಹಿಡಿದುಕೊಂಡು ಬಂದ. ಹಣ್ಣಲ್ಲ, ಹಂಪಲವಲ್ಲ, ಪೈಪು! ಕೈಕಾಲು ತೊಳೆದುಕೊಳ್ಳುವ ಮೊದಲೇ ಹೇಳಿದ: "ಹೋದ ಸಲದಂಗ ಬರೇ ಚೂರಿ ಇಡೋದಿದ್ರ, ಸೋಮವಾರ ಶಿವಕಾಂತಾನ್ನ ಜೇವರ್ಗಿಗೆ ಕರ್ಕೊಂಡು ಹೋಗ್ತೇನಿ ಅತ್ತಿ."

ಹೋದ ಸಲ ಎಂದರೆ ಯಾವುದು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಗಾಳಿ ಸೋಂಕದಿರಲಿ ಎಂದು ಬಾಣಂತಿಯ ತಲೆದಿಂಬಿನ ಕೆಳಗೆ ನಾನು ಚೂರಿ ಇಟ್ಟಿದ್ದೆ. ನಮ್ಮವ್ವ ಇಟ್ಟಿದ್ದಳು, ಅವಳ ಅವ್ವ ಇಟ್ಟಿದ್ದಳು. ಮೂರನೆಯ ದಿನ ಶಿವಕಾಂತಾ ದಿಂಬಿನಡಿ ಕೈ ಹಾಕಿ ಬಲ ಅಂಗೈ ಕೊಯ್ದುಕೊಂಡಳು. ಅದು ಕೀವಾಗಿ, ಒಂದೂವರೆ ತಿಂಗಳು ಕೂಸನ್ನು ಎತ್ತಿಕೊಳ್ಳಲಾಗಲಿಲ್ಲ. ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ, ರೊಟ್ಟಿ ಬಡಿಯಲಾರಳು. ಚೂರಿಗೆ ಅರಿವೆಯನ್ನೇ ಸುತ್ತಿರಲಿಲ್ಲ ಎಂದು ಶಿವರಾಯ ಬೀಗರ ಎದುರು ಕೂಗಾಡಿದ. ನಾಲ್ಕು ಮಡಿಕೆ ಮಾಡಿ ಸುತ್ತಿದ್ದ ಕುಪ್ಪಸದ ಕಣವನ್ನೂ ಅದರಲ್ಲಿದ್ದ ಕೊಯ್ತವನ್ನೂ ನಾನು ನಿಮಗೆ ತೋರಿಸಿದೆ. ನೀವು ಅವನನ್ನು ಸುಳ್ಳ ಎಂದಿರಿ. ಅಂದಿನಿಂದ ಮಾವ ಅಳಿಯನಿಗೆ ಮಾತಿಲ್ಲ, ಪತ್ರವಿಲ್ಲ.

ಈಗ ಮಗಳು ಗಂಡನ ಮನೆಯಲ್ಲಿ ಹಡೆದರೆ, ಅವ್ವ ಸತ್ತಳೇನು ಎಂದು ಊರು ಕೇಳುತ್ತದೆ. ಹಾಗೆಂದು ಕಬ್ಬಿಣ ಇಡದೆ ಇರುವವಳು ನಾನಲ್ಲ. ಚೂರಿಗೆ ಚರ್ಮದ ಒರೆಯೇನೋ ಇದೆ, ಆದರೆ ಚರ್ಮ ಬಾಣಂತಿ ಕೋಣೆಯ ಹೊಸ್ತಿಲು ದಾಟಬಾರದು ಎಂಬುದು ನಿಮ್ಮ ಅವ್ವ ಹಾಕಿದ ಕಟ್ಟಳೆ. ಅದಕ್ಕೆ ಈ ಜಾಣ ಪ್ಲಾಸ್ಟಿಕ್ಕಿನ ಒರೆಯನ್ನು ತಾನೇ ಮಾಡುತ್ತೇನೆಂದ. ಮುಂಚೆ ಮಾಡಿದ್ದೀರಾ ಎಂದು ಕೇಳಿದೆ. ಇಲ್ಲವಂತೆ.

ಮೊದಲ ದಿನ ಪೈಪನ್ನು ಉದ್ದಕ್ಕೆ ಸೀಳಿ ಒಲೆಯ ಉರಿಗೇ ಹಿಡಿದ. ಅದು ಕರಗಲಿಲ್ಲ, ಕರ್ರಗೆ ಸುಟ್ಟು, ಗಂಟಲು ಉರಿಯುವ ಹೊಗೆ ಮನೆ ತುಂಬಿತು. ಬಸುರಿಯನ್ನೂ ಮೊಮ್ಮಗಳನ್ನೂ ಕಟ್ಟೆಗೆ ಎಬ್ಬಿಸಿ ಕಳಿಸಿದೆ. ಒಲೆಯ ಉರಿ ಸರಿಯಿಲ್ಲ ಎಂದು ನನಗೇ ಹೇಳಿದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೀರಿಗೆ ಹೋದಾಗ ಇನ್ನೊಂದು ಚೂರನ್ನು ನನ್ನ ರೊಟ್ಟಿ ಹಂಚಿನ ಮೇಲೆ ಹಾಕಿದ, ಅದು ಹಂಚಿಗೇ ಅಂಟಿತು. ಬೂದಿ ಹಾಕಿ ತಿಕ್ಕಿ ತಿಕ್ಕಿ ನನ್ನ ಉಗುರು ಹೋದವು. ಮಾರನೆಯ ದಿನ ಅವನ ಪಾಲಿನ ರೊಟ್ಟಿಗಳನ್ನು ಅದೇ ಹಂಚಿನ ಮೇಲೆ ಬೇಯಿಸಿ ಬಡಿಸಿದೆ. ಒಂದೂ ಬಿಡದೆ ತಿಂದ.

ಕಡೆಗೆ ಬುದ್ಧಿ ಹೇಳಿದವಳು ನಾನೇ. ಕಡಲೆ ಹುರಿಯುವ ಉಸುಕನ್ನು ಕಾಯಿಸಿ ಅದರಲ್ಲಿ ಹೂಳಿ ಎಂದೆ. ಪೈಪು ಹಪ್ಪಳದ ಹಿಟ್ಟಿನಂತೆ ಮೆತ್ತಗಾಯಿತು. ಈ ಅವಸರಗೇಡಿ ಅದನ್ನು ಬರೀ ಚೂರಿಗೇ ಸುತ್ತಿ, ಎರಡು ಹಲಗೆಗಳ ನಡುವೆ ಇಟ್ಟು, ಮೇಲೆ ತಾನೇ ಹತ್ತಿ ಕುಳಿತ. ಆರಿದ ಮೇಲೆ ಚೂರಿ ಹೊರಗೆ ಬರಲೊಲ್ಲದು. ಪಕ್ಕದ ಮನೆಯ ಹುಸೇನಸಾಬ ಒಂದು ತುದಿ, ಇವನೊಂದು ತುದಿ ಹಿಡಿದು ಜಗ್ಗಿದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದೆ. ಕಡೆಗೆ ಒಡೆದೇ ತೆಗೆದರು.

ಚೂರಿ ಸಡಿಲವಾಗಿ ಆಡಬೇಕಾದರೆ ಏನಾದರೂ ಸುತ್ತಿ ಅದರ ಮೇಲೆ ಅಚ್ಚು ತೆಗೆಯಬೇಕು ಎಂಬುದು ಆಗ ಅವನಿಗೆ ಹೊಳೆಯಿತು. ಹೋದ ಸಲದ ಕಣ ಇದ್ದರೆ ಕೊಡಿ ಎಂದ. ಪೆಟ್ಟಿಗೆಯಿಂದ ತೆಗೆದು ಕೊಟ್ಟೆ. ಹಳೆಯ ಗೆರೆಗಳ ಮೇಲೆಯೇ ನಾಲ್ಕು ಮಡಿಕೆ ಮಾಡಿದ, ಬಿಚ್ಚಿದ, ಮತ್ತೆ ಮಡಚಿ ನನ್ನ ಕೈಗೇ ಕೊಟ್ಟ. "ಬ್ಯಾಡ್ರಿ ಅತ್ತಿ, ಪೇಪರ್ ಸಾಕು" ಎಂದ. ಹಳೆಯ ಪೇಪರ್ ಸುತ್ತಿ ಅಚ್ಚು ತೆಗೆದು, ಕಾಸಿದ ಮೊಳೆಯಿಂದ ಅಂಚಿಗೆ ತೂತು ಮಾಡಿ, ಮೋಟಾರಿನ ತಾಮ್ರದ ತಂತಿಯಿಂದ ಹೊಲಿದ.

ಅದರ ರೂಪವನ್ನು ಏನು ಹೇಳಲಿ! ಬೂದಿ ಬಣ್ಣ, ಒಂದು ಮಗ್ಗುಲು ಉಬ್ಬು, ಒಂದು ಮಗ್ಗುಲು ತಗ್ಗು. ಸಂತೆಯಲ್ಲಿ ಬಿಸಾಕಿದರೆ ನಾಯಿಯೂ ಮೂಸುವುದಿಲ್ಲ. ಮುಚ್ಚಿದ ಕಬ್ಬಿಣ ಕಾಯುವುದಿಲ್ಲ, ಕಬ್ಬಿಣ ಕಾಣಬೇಕು ಎಂದು ನಾನು ಮೊದಲ ದಿನವೇ ಹಟ ಹಿಡಿದಿದ್ದೆ. ಅದಕ್ಕೆ ಅಲಗಿನ ಚಪ್ಪಟೆ ಮಗ್ಗುಲಿಗೆ, ಹರಿತದ ಅಂಚಿನಿಂದ ದೂರ, ಹೆಬ್ಬೆರಳಿನಗಲ ಒಂದು ಕಿಟಕಿ ಕೊರೆದಿದ್ದಾನೆ. "ಕಾಣ್ತದ ನೋಡ್ರಿ" ಎಂದು ತೋರಿಸಿದ. ಶಿವಕಾಂತಾ ಆ ಮಡಚದ ಬೆರಳುಗಳಿಂದಲೇ ಒರೆಯನ್ನು ಮೇಲಿಂದ ಕೆಳಗೆ ಸವರಿ ನೋಡಿದಳು. ಎಲ್ಲಿಯೂ ತಾಗಲಿಲ್ಲ. ಅವನು ಇವತ್ತು ಬೆಳಗಿನ ಬಸ್ಸಿಗೆ ಒಬ್ಬನೇ ಹೋದ. ಮಗಳು ಇಲ್ಲೇ ಇದ್ದಾಳೆ.

ಹೊತ್ತಿಗೆ ಸರಿಯಾಗಿ ಉಣ್ಣಿರಿ. ಹೆರಿಗೆಯ ಸುದ್ದಿಯ ತಾರು ಬಂದ ಕೂಡಲೇ ರಜೆ ಹಾಕಿ ಬನ್ನಿ. ಅಲ್ಲಿ ಎಲ್ಲರಿಗೂ ನನ್ನ ಶರಣು ತಿಳಿಸಿ.

ನಿಮ್ಮ
ಗಂಗಾಬಾಯಿ

ತಾ.ಕ.: ಟಪಾಲಿನವ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಆ ಕಣದಲ್ಲಿ ನಾಲ್ಕು ಮಡಿಕೆ ಇದ್ದರೂ ಕೊಯ್ದಿರುವುದು ಒಂದೇ ಮಡಿಕೆ, ಚೂರಿ ತಾಗಿದ್ದರೆ ನಾಲ್ಕೂ ಕೊಯ್ಯಬೇಕಿತ್ತು. ನೀವು ನೋಡಲಿಲ್ಲ, ಶಿವರಾಯ ನೋಡಿದ. ನಾನು ಅವತ್ತು ಚೂರಿಗೆ ಏನೂ ಸುತ್ತಿರಲಿಲ್ಲ. ಆಮೇಲೆ ಹೆದರಿ ನಾನೇ ಕತ್ತರಿಯಿಂದ ಕೊಯ್ದು ನಿಮಗೆ ತೋರಿಸಿದೆ. ಅವನು ಹೋಗುವಾಗ ಕಾಲಿಗೆ ಬಿದ್ದು ಹೋದ, ಕಣದ ಮಾತನ್ನೇ ಎತ್ತಲಿಲ್ಲ. ನನಗೆ ಆಮೇಲೆ ಬೈಯಿರಿ, ಮೊದಲು ಅವನಿಗೆ ಪತ್ರ ಬರೆಯಿರಿ.