ತಾಯಿಯ ಪಾತ್ರ ಮಾಡಿದ ಹುಡುಗಿ

ಪೂಜ್ಯ ಮೇಷ್ಟ್ರಿಗೆ,

ನಿಮ್ಮ ಶಿಷ್ಯೆಯ ನಮಸ್ಕಾರಗಳು. ಈ ವರ್ಷದ ಅತಿಥಿ ಉಪನ್ಯಾಸಕರ ಪಟ್ಟಿಯನ್ನು ಕಾಲೇಜಿನ ಸೂಚನಾ ಫಲಕದಲ್ಲಿ ನೋಡಿದೆ. ಹನ್ನೊಂದು ವರ್ಷದಿಂದ ಇದ್ದ ನನ್ನ ಹೆಸರು ಅದರಲ್ಲಿಲ್ಲ. ವಿಭಾಗದ ಮುಖ್ಯಸ್ಥರಾಗಿ ಕೆಳಗೆ ನೀವೇ ಸಹಿ ಹಾಕಿದ್ದೀರಿ. ಆಡಳಿತ ಮಂಡಳಿಯವರು ನಿಮ್ಮ ಕೈ ಕಟ್ಟಿಹಾಕಿದ್ದರೆಂದು ಬಲ್ಲೆ.

ಕಾಲೇಜಿನಲ್ಲಿ ನಾನು ಆಡಿಸಿದ ನಾಟಕದಲ್ಲಿ ತಾಯಿಯ ಪಾತ್ರ ಮಾಡಿದ ಹುಡುಗಿಗಾಗಿ ಒಂದು ಕೋರಿಕೆಯಿದೆ. ಠಾಣೆಯಲ್ಲಿ ಸತ್ತ ಮಗನ ಹೆಣವನ್ನು ತಾಯಿ ಕೇಳುವ ಮಾತುಗಳು ಬೇಡವೆಂದು ಆಡಳಿತ ಮಂಡಳಿ ಹೇಳಿದಾಗ ನೀವು, "ನಾಲ್ಕು ಮಾತು ತಾನೇ, ತೆಗೆದುಬಿಡಮ್ಮ, ಕೆಲಸ ಉಳಿಯುತ್ತೆ" ಅಂದಿರಿ. ನಾನೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ಎರಡು ತಿಂಗಳು ಅವನ್ನು ಬಾಯಿಪಾಠ ಮಾಡಿದ್ದ ಹುಡುಗಿ, "ಹಾಗಾದ್ರೆ ಅಲ್ಲಿ ನಾನೇನ್ ಮಾಡ್ಲಿ ಮೇಡಂ?" ಎಂದು ಕೇಳಿದಳು.

"ಸುಮ್ನೆ ನಿಂತಿರು" ಅಂದೆ.

ಪ್ರದರ್ಶನದ ದಿನ ಹಾಗೇ ನಿಂತಳು. ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಹಾಗೆ ನಿಂತದ್ದು ಮಾತಿಗಿಂತ ದೊಡ್ಡ ತಪ್ಪೆಂದು ಮಂಡಳಿ ತೀರ್ಮಾನಿಸಿತು.

ಅವಳ ಆಂತರಿಕ ಅಂಕಗಳನ್ನು ಇನ್ನೂ ತಡೆಹಿಡಿದಿದ್ದಾರೆ. ಅವಳು ನಿಂತದ್ದು ನಾನು ಹೇಳಿದ್ದಕ್ಕೆ. ದಯವಿಟ್ಟು ಅಂಕ ಕೊಡಿಸಿ. ನಾನು ಸಹಿ ಮಾಡಿದ ಅಂಕಪಟ್ಟಿ ಜೊತೆಗಿದೆ. ತಾಲೀಮು ಕೋಣೆಯ ಬೀಗದಕೈಯನ್ನು ಜವಾನರ ಬಳಿ ಕೊಟ್ಟಿದ್ದೇನೆ.

ನಿನ್ನೆ ಅವಳು ಮನೆಗೆ ಬಂದಿದ್ದಳು. ಎಂ.ಎ.ಗೂ ನಾಟಕವನ್ನೇ ಓದುತ್ತೇನೆ, ಶಿಫಾರಸು ಪತ್ರ ಕೊಡಿ ಎಂದಳು. "ಬೇಡಮ್ಮ, ಬೇರೆ ಏನಾದ್ರೂ ಓದು" ಅಂದುಬಿಟ್ಟೆ. ಚಪ್ಪಲಿ ಮೆಟ್ಟಿಕೊಂಡು ಹೋದಳು.

ಇಪ್ಪತ್ತು ವರ್ಷದ ಹಿಂದೆ ನಾನು ಹೀಗೇ ನಿಮ್ಮ ಮನೆಗೆ ಬಂದಿದ್ದೆ. ನೀವು ಅರ್ಧ ಊಟದಲ್ಲಿ ಎದ್ದು, ಕೈ ತೊಳೆದು, ಪತ್ರ ಬರೆದುಕೊಟ್ಟಿದ್ದಿರಿ. ಅವಳಿಗೂ ನೀವೇ ಬರೆದುಕೊಡಿ. ನನ್ನ ಕೈಲಿ ಆಗಲಿಲ್ಲ.

ಇಂದಿಗೂ ನಿಮ್ಮ
ವಿದ್ಯಾರ್ಥಿನಿ